ಸಿಗ್ನಲ್‌ನಲ್ಲಿ ಬೈಕ್ ಆಫ್ ಆಗುತ್ತಿದೆಯೇ? ಗಾಳಿಯ ವಾಲ್ವ್ ಒಮ್ಮೆ ನೋಡಿ

ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ ನಿಂತುಹೋಗುತ್ತದೆ. ಬೆಳಿಗ್ಗೆ ರೇಸ್ ಮಾಡದೆ ಸ್ಟಾರ್ಟ್ ಆಗುವುದಿಲ್ಲ. ನಿಲ್ಲಿಸಿದ ಗಾಡಿಯ ಸದ್ದು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲಿ ಇಂಥ ಲಕ್ಷಣ ಕಂಡರೆ, ಎಂಜಿನ್‌ಗೆ ಗಾಳಿ ಒಳಹೋಗುವ ಥ್ರಾಟಲ್ ಬಾಡಿಗೆ ಅಂಟಿಕೊಂಡಿರುವ ಒಂದು ಪುಟ್ಟ ಭಾಗವನ್ನು ಪರೀಕ್ಷಿಸಬೇಕು. ಅದೇ ಐಡಲ್ ಏರ್ ಕಂಟ್ರೋಲ್ ವಾಲ್ವ್. ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ, ಮಸಿ ಹಿಡಿದಿರುತ್ತದೆ ಅಷ್ಟೆ. ಆದ್ದರಿಂದ ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಶುಚಿ ಮಾಡಿ ನೋಡಿ.

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಬಹುತೇಕ ಮಾಯವಾಗಿ ಇಂಜೆಕ್ಷನ್ ಬಂತು, ಚೋಕ್ ಕೂಡ ಹೋಯಿತು. ಸ್ಕ್ರೂ ತಿರುಗಿಸಿ ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ) ಸರಿಮಾಡುವ ಹಳೆಯ ರೂಢಿ ಮಾತ್ರ ಹೋಗಿಲ್ಲ. ಇಂಜೆಕ್ಷನ್ ಗಾಡಿಗೆ ಅದು ಕೆಡುಕನ್ನೇ ಮಾಡುತ್ತದೆ.

ಒಳಗೆ ನಡೆಯುವುದೇನು?

ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಬಾಡಿಯೊಳಗಿನ ತಟ್ಟೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆದರೂ ಎಂಜಿನ್ ಉರಿಯುತ್ತಿರಲು ಸ್ವಲ್ಪ ಗಾಳಿ ಬೇಕೇ ಬೇಕು. ಮುಚ್ಚಿದ ಬಾಗಿಲಿನ ಪಕ್ಕದ ಗವಾಕ್ಷಿಯಂತೆ, ತಟ್ಟೆಯನ್ನು ಬಳಸಿ ಹೋಗುವ ಒಂದು ಕಿರುದಾರಿ ಆ ಗಾಳಿಯನ್ನು ಒಳಗೆ ಬಿಡುತ್ತದೆ. ವಾಲ್ವಿನ ಚೂಪು ತುದಿ ಈ ದಾರಿಯೊಳಗೆ ಹಿಂದೆ ಮುಂದೆ ಸರಿದು ಗಾಳಿಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅದನ್ನು ಸರಿಸುವುದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್. ಎಷ್ಟು ಹೆಜ್ಜೆ ಎಂಬ ಆದೇಶ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಇಸಿಯುವಿನಿಂದ ಬರುತ್ತದೆ. ಕೆಲವು ಬೈಕುಗಳಲ್ಲಿ ಇದರ ಬದಲು ತೆರೆದು ಮುಚ್ಚುವುದನ್ನಷ್ಟೇ ಬಲ್ಲ ಸೊಲೆನಾಯ್ಡ್ ಇರುತ್ತದೆ.

ಎಂಜಿನ್ ತಣ್ಣಗಿದ್ದಾಗ ಇಸಿಯು ದಾರಿಯನ್ನು ಹೆಚ್ಚು ತೆರೆಸುತ್ತದೆ. ಅದಕ್ಕೇ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಸದ್ದು ಜೋರು. ಕಾವು ಏರಿದಂತೆ ತುದಿ ಮುಂದೆ ಸರಿದು ಗಾಳಿ ತಗ್ಗುತ್ತದೆ. ಓಟದ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟಾಗಲೂ ಎಂಜಿನ್ ಕುಸಿಯದಂತೆ ವಾಲ್ವ್ ಒಂದಿಷ್ಟು ಗಾಳಿ ಬಿಟ್ಟುಕೊಡುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಏರಿದರೆ ಗಾಳಿ ತೆಳುವಾಗುತ್ತದೆ, ಆಗ ದಾರಿಯನ್ನು ಇನ್ನಷ್ಟು ತೆರೆಯಬೇಕಾಗುತ್ತದೆ. ಸವಾರ ಕೈ ಹಚ್ಚದೆಯೇ ಇಷ್ಟೆಲ್ಲ ನಡೆಯುತ್ತದೆ ಎಂಬುದು ನಿಜಕ್ಕೂ ಮೆಚ್ಚಬೇಕಾದ ಸಂಗತಿ.

ಗಮನಿಸಬೇಕಾದದ್ದು: ಈ ವಾಲ್ವ್ ನಿಯಂತ್ರಿಸುವುದು ಗಾಳಿಯನ್ನು ಮಾತ್ರ. ಪೆಟ್ರೋಲ್ ಎಷ್ಟು ಎಂಬುದನ್ನು ಸೆನ್ಸರ್‌ಗಳ ಲೆಕ್ಕ ನೋಡಿ ಇಸಿಯು ನಿರ್ಧರಿಸುತ್ತದೆ. ಥ್ರಾಟಲ್ ತಟ್ಟೆಯ ತಡೆ ಸ್ಕ್ರೂವನ್ನು ತಿರುಗಿಸಿದರೆ ಥ್ರಾಟಲ್ ಸೆನ್ಸರ್ ಕೊಡುವ ಲೆಕ್ಕವೇ ತಪ್ಪುತ್ತದೆ. ಕಾರ್ಖಾನೆಯಲ್ಲಿ ಬಣ್ಣ ಹಚ್ಚಿ ಮುದ್ರೆ ಹಾಕಿದ ಸ್ಕ್ರೂವನ್ನು ಯಾರಿಗೂ ಮುಟ್ಟಲು ಬಿಡಬೇಡಿ.

ಬಿಚ್ಚುವ ಮುನ್ನ

ಏರ್ ಫಿಲ್ಟರ್ ಶುಚಿಯಾಗಿದೆಯೇ, ಬ್ಯಾಟರಿ ಸರಿಯಿದೆಯೇ, ಆಕ್ಸಿಲರೇಟರ್ ಕೇಬಲ್‌ಗೆ ತಕ್ಕಷ್ಟು ಸಡಿಲವಿದೆಯೇ ನೋಡಿ. ಥ್ರಾಟಲ್ ಬಾಡಿ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಗಾಳಿ ನುಸುಳಿ ಐಡ್ಲಿಂಗ್ ಏರಿಯೇ ಇರುತ್ತದೆ, ವಾಲ್ವ್ ಎಷ್ಟು ಉಜ್ಜಿದರೂ ಫಲವಿಲ್ಲ. ಗಾಡಿ ವಾರಂಟಿಯಲ್ಲಿದ್ದರೆ ಈ ಕೆಲಸವನ್ನು ಸರ್ವಿಸ್ ಸೆಂಟರ್‌ಗೇ ಬಿಡಿ.

ಶುಚಿ ಮಾಡುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕೀ ಆಫ್ ಮಾಡಿದ ಮೇಲೂ ಕೆಲವು ಗಾಡಿಗಳಲ್ಲಿ ಮೋಟರ್ ತನ್ನ ಮೂಲಸ್ಥಾನಕ್ಕೆ ಮರಳುವ ಸಣ್ಣ ಗುಂಯ್ ಸದ್ದು ಕೇಳಿಸುತ್ತದೆ. ಅದು ನಿಂತ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ವಾಲ್ವಿನ ಕನೆಕ್ಟರ್‌ನ ಕೊಕ್ಕೆ ಒತ್ತಿ ಎಳೆಯಿರಿ, ತಂತಿ ಹಿಡಿದು ಎಳೆಯಬೇಡಿ. ಸ್ಕ್ರೂಗಳನ್ನು ತೆಗೆದು ವಾಲ್ವನ್ನು ನೇರವಾಗಿ ಹೊರತೆಗೆಯಿರಿ.

ಚೂಪು ತುದಿಯನ್ನು ಬೆರಳಿನಿಂದ ಒತ್ತಲೂ ಬಾರದು, ಎಳೆಯಲೂ ಬಾರದು. ಒಳಗಿನ ಸೂಕ್ಷ್ಮ ಮರೆ (ಸ್ಕ್ರೂ ಥ್ರೆಡ್) ಹಾಳಾದರೆ ಶುಚಿ ಮಾಡಲು ಹೋಗಿ ಹೊಸ ವಾಲ್ವ್ ಕೊಳ್ಳಬೇಕಾಗುತ್ತದೆ. ತುದಿ ಕೆಳಮುಖವಾಗಿರುವಂತೆ ಹಿಡಿದು, ಥ್ರಾಟಲ್ ಬಾಡಿ ಕ್ಲೀನರ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ದ್ರವ ಮೋಟರ್ ಕಡೆಗೆ ಹರಿಯಬಾರದು. ವಾಲ್ವ್ ಕೂರುವ ರಂಧ್ರವನ್ನೂ ಅದೇ ಬಟ್ಟೆಯಿಂದ ಶುಚಿ ಮಾಡಿ. ಎಂಜಿನ್ ಕ್ರ್ಯಾಂಕ್‌ಕೇಸಿನ ಎಣ್ಣೆ ಆವಿ ಏರ್‌ಬಾಕ್ಸ್ ಮೂಲಕ ಬಂದು ಗಟ್ಟಿಯಾಗುವುದು ಇಲ್ಲಿಯೇ. ಬ್ಲೇಡ್, ತಂತಿ, ಸ್ಯಾಂಡ್‌ಪೇಪರ್ ಖಂಡಿತ ಬೇಡ. ವಾಲ್ವಿನ ರಬ್ಬರ್ ಉಂಗುರ (ಓ-ರಿಂಗ್) ಹರಿದಿದ್ದರೆ ಬದಲಿಸಿ.

ಎಲ್ಲವೂ ಒಣಗಿದ ಮೇಲೆ ಮರಳಿ ಜೋಡಿಸಿ. ಸ್ಕ್ರೂಗಳನ್ನು ಹದವಾಗಿ ಬಿಗಿಯಿರಿ, ಥ್ರಾಟಲ್ ಬಾಡಿ ಅಲ್ಯೂಮಿನಿಯಂ ಆಗಿದ್ದರಿಂದ ಮರೆ ಬೇಗ ಕಿತ್ತುಬರುತ್ತದೆ. ಬಳಿಕ ಕೀ ಆನ್ ಮಾಡಿ ಕೆಲವು ಸೆಕೆಂಡ್ ಬಿಟ್ಟು ಆಫ್ ಮಾಡಿ. ರೀಸೆಟ್ ವಿಧಾನ ಪ್ರತಿ ಗಾಡಿಗೂ ಬೇರೆ, ಕೈಪಿಡಿಯಲ್ಲಿ ಹೇಳಿದ್ದರೆ ಅದನ್ನೇ ಅನುಸರಿಸಿ. ಆಮೇಲೆ ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗುವವರೆಗೆ ತೆರೆದ ಜಾಗದಲ್ಲಿ ಓಡಲು ಬಿಡಿ. ಸಣ್ಣ ಸಿಂಗಲ್ ಸಿಲಿಂಡರ್ ಬೈಕುಗಳು ಸಾಮಾನ್ಯವಾಗಿ ನಿಮಿಷಕ್ಕೆ 1,400 ಸುತ್ತುಗಳ ಆಸುಪಾಸಿನಲ್ಲಿ ಐಡ್ಲಿಂಗ್ ಮಾಡುತ್ತವೆ.

ಇಷ್ಟಾದರೂ ಹಳೆಯ ತೊಂದರೆ ಮರುಕಳಿಸಿದರೆ, ಅಥವಾ ಎಂಜಿನ್ ಎಚ್ಚರಿಕೆಯ ದೀಪ ಉರಿಯುತ್ತಲೇ ಇದ್ದರೆ, ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಿರಿ. ಪಿ0506 ಕೋಡ್ ಬಂದರೆ ಐಡ್ಲಿಂಗ್ ಕಡಿಮೆಯಾಗಿದೆ ಎಂದೂ ಪಿ0507 ಬಂದರೆ ಹೆಚ್ಚಾಗಿದೆ ಎಂದೂ ಅರ್ಥ. ಕೋಡ್ ನೋಡಿದ ತಕ್ಷಣ ವಾಲ್ವ್ ಬದಲಿಸಲು ಒಪ್ಪಬೇಡಿ, ಮೋಟರ್ ಕಾಯಿಲ್‌ಗಳ ಪ್ರತಿರೋಧವನ್ನು ಮೊದಲು ಮಲ್ಟಿಮೀಟರ್‌ನಲ್ಲಿ ಅಳೆಯಲು ಹೇಳಿ.