ಪಿಆರ್ ಕಾರ್ಡ್ ಬರುವ ಮೊದಲೇ ಊರಿಗೆ ಹೊರಟವರಿಗೆ

ಶರಣು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಕೆನಡಾಕ್ಕೆ ಹೊಸದಾಗಿ ಬಂದಿಳಿದ ಮನೆಮಂದಿಗಾಗಿ ನಮ್ಮ ಬಳಗ ಬರೆದಿಟ್ಟ ಮಾರ್ಗದರ್ಶಿಯಲ್ಲಿ ಈ ಭಾಗವೇ ಉದ್ದ. ಬ್ಯಾಂಕ್ ಖಾತೆ, ಸಿನ್ ನಂಬರ್ (ನೌಕರಿಗೆ, ತೆರಿಗೆಗೆ ಬೇಕಾದ ಸರಕಾರಿ ಸಂಖ್ಯೆ), ಮಕ್ಕಳ ಶಾಲೆ ಇವನ್ನೆಲ್ಲ ನೀವು ಹೇಗೋ ಮಾಡಿಕೊಳ್ಳುತ್ತೀರಿ. ಆದರೆ ಊರಿಂದ "ಕಾಕಾನ ಮಗಳ ಲಗ್ನ ಅದ, ನೀವ್ ಬರ್ಲಿಲ್ಲಂದ್ರ ಹ್ಯಾಂಗ?" ಎಂದು ಫೋನ್ ಬಂದ ರಾತ್ರಿಯೇ ಟಿಕೆಟ್ ತೆಗೆಯುವ ಚಟವಿದೆಯಲ್ಲ, ಅದನ್ನು ಪಿಆರ್ ಕಾರ್ಡ್, ಅಂದರೆ ಕೆನಡಾದ ಕಾಯಂ ನಿವಾಸಿಯ ಕಾರ್ಡ್, ಕೈಗೆ ಬರುವ ತನಕ ಕಟ್ಟಿಡಿ.

ಹೋಗೋದು ಸಲೀಸು, ಬರೋದಲ್ಲ

ಕೆನಡಾದಿಂದ ಹೊರಡುವಾಗ ನಮ್ಮಲ್ಲಿದ್ದಂತೆ ಇಮಿಗ್ರೇಶನ್ ಕೌಂಟರ್ ಇಲ್ಲ. ವಿಮಾನದವರು ಭಾರತದ ಪಾಸ್‌ಪೋರ್ಟ್ ನೋಡುತ್ತಾರೆ, ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಹೀಗಾಗಿ ಹೋಗುವಾಗ ಏನೂ ಕೊರತೆ ಕಾಣುವುದಿಲ್ಲ. ಮರಳುವ ದಿನ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್‌ಗೆ ನಿಂತಾಗ ಗೊತ್ತಾಗುತ್ತದೆ. ಕಾಯಂ ನಿವಾಸಿ ವಿಮಾನ, ರೈಲು, ಬಸ್ಸು, ಹಡಗು ಯಾವುದರಲ್ಲಿ ಕೆನಡಾಕ್ಕೆ ಬಂದರೂ ಚಾಲ್ತಿಯಲ್ಲಿರುವ ಪಿಆರ್ ಕಾರ್ಡ್ ಇರಬೇಕು, ಇಲ್ಲವೇ ಪಿಆರ್‌ಟಿಡಿ ಎಂಬ ಪ್ರಯಾಣ ಪತ್ರ ಇರಬೇಕು. ಎರಡೂ ಇಲ್ಲದಿದ್ದರೆ ಹತ್ತಿಸಿಕೊಳ್ಳುವುದಿಲ್ಲ.

ಸಿಒಪಿಆರ್ ತೋರಿಸಿದರೆ ನಡೆಯುತ್ತದೆ ಎಂದು ವಾದ ಮಾಡಬೇಡಿ. ಅದು ನೀವು ಕಾಯಂ ನಿವಾಸಿಯಾದ ದಾಖಲೆ, ಪ್ರಯಾಣದ ದಾಖಲೆ ಅಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವಲಸೆ ವೀಸಾ ಒಂದೇ ಸಲದ್ದು, ಬಂದಿಳಿದ ದಿನವೇ ಅದರ ಕೆಲಸ ಮುಗಿಯಿತು. ಮೊದಲು ಓದಲಿಕ್ಕೋ ಕೆಲಸಕ್ಕೋ ಬಂದವರ ಪಾಸ್‌ಪೋರ್ಟಿನಲ್ಲಿ ಹಳೆ ವೀಸಾಕ್ಕೆ ಇನ್ನೂ ಎರಡು ವರ್ಷ ತಾರೀಖು ಉಳಿದಿರಬಹುದು. ಕಾಯಂ ನಿವಾಸಿಯಾದ ಮೇಲೆ ಅದನ್ನು ಹಿಡಿದು ಬರುವಂತಿಲ್ಲ.

ಕಾರ್ಡ್ ಇಲ್ಲದಿದ್ದರೆ ಪಿಆರ್ ಹೋಯಿತೇ ಎಂದು ಕೆಲವರು ಗಾಬರಿಯಾಗುತ್ತಾರೆ. ಹೋಗಿಲ್ಲ. ನಿಮ್ಮ ಹಕ್ಕು ಹಾಗೇ ಇದೆ, ಅದನ್ನು ವಿಮಾನದವರಿಗೆ ತೋರಿಸುವ ಕಾಗದ ಮಾತ್ರ ಇಲ್ಲ.

ಕಾರ್ಡ್ ಎಲ್ಲಿ ತಡೆಯುತ್ತದೆ

ಮೊದಲ ಕಾರ್ಡಿಗೆ ಶುಲ್ಕವಿಲ್ಲ. ಅದನ್ನು "ಮಾಡಿಸಿಕೊಡುತ್ತೇನೆ" ಎಂದು ಯಾವ ಏಜೆಂಟ್ ಹಣ ಕೇಳಿದರೂ ಕೊಡಬೇಡಿ. ಕಾಯಂ ನಿವಾಸಿಯಾದ ದಿನದಿಂದ 180 ದಿನದೊಳಗೆ ನಿಮ್ಮ ಕೆನಡಾ ವಿಳಾಸ ವಲಸೆ ಇಲಾಖೆಗೆ, ಅಂದರೆ ಐಆರ್‌ಸಿಸಿಗೆ, ಮುಟ್ಟಿರಬೇಕು. ಮುಟ್ಟದಿದ್ದರೆ 50 ಡಾಲರ್ ಕಟ್ಟಿ ಬೇರೆ ಅರ್ಜಿ ಹಾಕಬೇಕಾಗುತ್ತದೆ.

ಕಾರ್ಡ್ ಕೆನಡಾದ ವಿಳಾಸಕ್ಕೆ ಮಾತ್ರ ಬರುತ್ತದೆ, ಕಲಬುರಗಿಗೆ ಕಳಿಸಿರೆಂದರೆ ಕಳಿಸುವುದಿಲ್ಲ. ಇಲ್ಲಿಯೇ ನಮ್ಮವರು ಎಡವುವುದು. ಮೊದಲ ತಿಂಗಳು ಪರಿಚಯದವರ ಮನೆ ವಿಳಾಸ ಕೊಟ್ಟಿರುತ್ತಾರೆ, ಎರಡನೇ ತಿಂಗಳು ಬೇಸ್‌ಮೆಂಟ್ ಬಾಡಿಗೆಗೆ ಹೋಗುತ್ತಾರೆ, ವಿಳಾಸ ಬದಲಿಸುವುದು ಮರೆಯುತ್ತಾರೆ. ಮನೆ ಬಿಟ್ಟ ದಿನವೇ ಐಆರ್‌ಸಿಸಿಗೆ ತಿಳಿಸಿ. ಅಂಚೆಯವರು ಹೊಸ ಮನೆಗೆ ದಾಟಿಸುತ್ತಾರೆಂದು ನಂಬಿ ಕೂರಬೇಡಿ. ಅಪಾರ್ಟ್‌ಮೆಂಟ್ ಆದರೆ ಯೂನಿಟ್ ನಂಬರ್ ಬಿಡಬೇಡಿ. ಊರಲ್ಲಿ "ಶರಣಬಸಪ್ಪನ ಗುಡಿ ಹಿಂದ" ಎಂದರೆ ಅಂಚೆಯಣ್ಣ ಮನೆ ಹುಡುಕಿ ಬರುತ್ತಿದ್ದ, ಇಲ್ಲಿ ಅದು ನಡೆಯದು.

ಹೆಸರಿನದು ಇನ್ನೊಂದು ತೊಡಕು. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಆಗ ಇಲ್ಲಿನ ದಾಖಲೆಯಲ್ಲಿ ನಿಮ್ಮ ಇಡೀ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ ಕೂರುತ್ತದೆ. ಅಂಚೆ ಪೆಟ್ಟಿಗೆ ಮೇಲೆ ಚೀಟಿ ಅಂಟಿಸುವಾಗ ಸಿಒಪಿಆರ್‌ನಲ್ಲಿ ಇದ್ದಂತೆ ಹೆಸರು ಬರೆಯಿರಿ. ಮನೆಯಲ್ಲಿ ಕರೆಯುವ ಹೆಸರು ಬೇಡ.

ಫೋಟೋ ಅಳತೆ ಊರಿನ 35×45 ಅಲ್ಲ. 50 ಮಿ.ಮೀ. ಅಗಲ, 70 ಮಿ.ಮೀ. ಎತ್ತರ, ಗದ್ದದಿಂದ ನೆತ್ತಿಯವರೆಗೆ ಮುಖ 31ರಿಂದ 36 ಮಿ.ಮೀ. ಇರಬೇಕು. ಹಿನ್ನೆಲೆ ಬಿಳಿ. ಸರಿಯಿಲ್ಲದ ಫೋಟೋ ವಾಪಸ್ ಬಂದರೆ ಮತ್ತೆ ಮೊದಲಿನಿಂದ ಕಾಯುವುದೇ.

ಮನೆಯಲ್ಲಿ ದೊಡ್ಡವರಿಗೆ ಹುಷಾರಿಲ್ಲದಿದ್ದರೆ

ಹತ್ತಿರದವರ ಗಂಭೀರ ಕಾಯಿಲೆ, ಸಾವು, ನೌಕರಿಯ ಕೆಲಸ ಇಂಥವಕ್ಕೆ ಕಾರ್ಡನ್ನು ತುರ್ತಾಗಿ ಕೊಡಿರೆಂದು ಕೇಳಬಹುದು. ಹೊರಡುವ ದಿನ ಮೂರು ತಿಂಗಳೊಳಗಿರಬೇಕು. ಕಾರಣ ಬರೆದ ಪತ್ರ, ವೈದ್ಯರ ಕಾಗದ ಅಥವಾ ಮರಣ ಪ್ರಮಾಣಪತ್ರ, ಹಣ ಕಟ್ಟಿದ್ದು ಕಾಣುವ ಟಿಕೆಟ್ ಪ್ರತಿ ಜೊತೆಗಿಡಿ. ಆಸ್ಪತ್ರೆ ಚೀಟಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಸೇರಿಸಿ. ಕೇಳಿದರೂ ಸಿಗುತ್ತದೆಂಬ ಖಾತ್ರಿಯಿಲ್ಲ. ಲಗ್ನ, ಗೃಹಪ್ರವೇಶ, ಮೈಲಾಪುರ ಮಲ್ಲಯ್ಯನ ಜಾತ್ರಿ ಈ ಲೆಕ್ಕಕ್ಕೆ ಬರುವುದಿಲ್ಲ.

ಹೋಗಲೇಬೇಕಾದರೆ: ಪಿಆರ್‌ಟಿಡಿ

ಇದನ್ನು ಕೆನಡಾದೊಳಗಿದ್ದು ಮಾಡಿಸಲು ಬರುವುದಿಲ್ಲ. ಊರಿಗೆ ಮುಟ್ಟಿದ ಮೇಲೆಯೇ ಅರ್ಜಿ. ತಲೆಗೆ 50 ಡಾಲರ್, ಮಕ್ಕಳಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಅರ್ಜಿ ನಮೂನೆ ಐಎಂಎಂ 5524. ಜೊತೆಗೆ ಪಾಸ್‌ಪೋರ್ಟ್ ಪ್ರತಿ, ಸಿಒಪಿಆರ್ ಪ್ರತಿ, ಫೋಟೋ, ಕೆನಡಾದಲ್ಲಿ ಇದ್ದದ್ದಕ್ಕೆ ಬಾಡಿಗೆ ಕರಾರು, ಸಂಬಳ ಚೀಟಿ. ಒಪ್ಪಿಗೆಯಾದರೆ ಪಾಸ್‌ಪೋರ್ಟನ್ನೇ ಕೇಳುತ್ತಾರೆ, ಏಕೆಂದರೆ ಪತ್ರವನ್ನು ಅದರಲ್ಲೇ ಅಂಟಿಸಬೇಕು. ನಮ್ಮ ಮೂರೂ ಜಿಲ್ಲೆಯವರಿಗೆ ಪಾಸ್‌ಪೋರ್ಟ್ ಕೊಡಲು ಬೆಂಗಳೂರಿಗಿಂತ ಹೈದರಾಬಾದಿನ ವೀಸಾ ಅರ್ಜಿ ಕೇಂದ್ರವೇ ಸಮೀಪ.

ಊರು ಮುಟ್ಟಿದ ಮರುದಿನವೇ ಅರ್ಜಿ ಹಾಕಿ. ಅರಿಶಿಣ, ಅಕ್ಷತೆ, ಬೀಗರೂಟ ಎಲ್ಲ ಮುಗಿಸಿ, ಹೊರಡಲು ಒಂದು ವಾರ ಉಳಿದಾಗ ಹಾಕಿದರೆ ರಿಟರ್ನ್ ಟಿಕೆಟ್ ಹೋದಂತೆಯೇ. ಕಡಿಮೆ ದುಡ್ಡಿಗೆ ಸಿಕ್ಕಿತೆಂದು ತಾರೀಖು ಬದಲಿಸಲಾಗದ ಟಿಕೆಟ್ ತೆಗೆಯಬೇಡಿ. ಈ ಪತ್ರ ಸಾಮಾನ್ಯವಾಗಿ ಒಂದೇ ಸಲದ ಪ್ರವೇಶಕ್ಕೆ, ಮುಂದಿನ ಸಲಕ್ಕೆ ಕಾರ್ಡೇ ಬೇಕು.

ಅಮೆರಿಕಕ್ಕೆ ಹೋಗಿ ಅಲ್ಲಿಂದ ಸ್ವಂತ ಅಥವಾ ಬಾಡಿಗೆ ಕಾರಿನಲ್ಲಿ ಗಡಿ ದಾಟಿದರೆ ಕಾರ್ಡಿಲ್ಲದೆಯೂ ಸಿಒಪಿಆರ್ ತೋರಿಸಿ ಬರಬಹುದು. ನಿಜ, ಆದರೆ ಅದಕ್ಕೆ ಅಮೆರಿಕದ ವೀಸಾ ಬೇಕು. ಬಸ್ಸಿನಲ್ಲಿ ಆಗದು.

ಬಾಣಂತನಕ್ಕೆ ಹೋಗುವವರು

ಇದನ್ನು ಅತ್ತೆ, ಅವ್ವ ಎಲ್ಲರಿಗೂ ಓದಿ ಹೇಳಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬುದು ನಮ್ಮ ರೂಢಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ತಂದೆ ತಾಯಿ ಇಬ್ಬರೂ ಬರೀ ಕಾಯಂ ನಿವಾಸಿಗಳಾಗಿದ್ದು, ಕೂಸು ಊರಲ್ಲಿ ಹುಟ್ಟಿದರೆ ಆ ಕೂಸು ಕೆನಡಾ ಪ್ರಜೆಯೂ ಅಲ್ಲ, ಕಾಯಂ ನಿವಾಸಿಯೂ ಅಲ್ಲ. ಅದಕ್ಕೆ ಪಿಆರ್‌ಟಿಡಿಯೂ ಸಿಗದು. ಭಾರತದ ಪಾಸ್‌ಪೋರ್ಟ್ ಮಾಡಿಸಿ, ತಂದೆಯೋ ತಾಯಿಯೋ ಪ್ರಾಯೋಜಕರಾಗಿ ಅರ್ಜಿ ಹಾಕಿ ಕಾಯಬೇಕು, ಅಥವಾ ಸಂದರ್ಶಕ ವೀಸಾ ಕೇಳಬೇಕು. ಆರು ತಿಂಗಳೆಂದು ಹೋದ ಬಾಣಂತನ ವರ್ಷ ದಾಟುವುದು ಇದರಿಂದಲೇ. ಪ್ರಾಯೋಜಕರು ಪ್ರಜೆಯಲ್ಲದೆ ಕಾಯಂ ನಿವಾಸಿಯಾಗಿದ್ದರೆ ಅರ್ಜಿಯ ಕಾಲಕ್ಕೆ ಕೆನಡಾದಲ್ಲೇ ವಾಸವಿರಬೇಕು, ಅಂದರೆ ಇಬ್ಬರೂ ಊರಲ್ಲಿ ಕೂತರೆ ಆಗದು. ಅವ್ವನನ್ನೇ ಇಲ್ಲಿಗೆ ಕರೆಸಿಕೊಳ್ಳುವ ಲೆಕ್ಕ ಮೊದಲು ಹಾಕಿ ನೋಡಿ.

ದಾರಿ

ಲಂಡನ್ ಮೇಲೆ ವಿಮಾನ ಬದಲಿಸುವ ಭಾರತೀಯ ಪಾಸ್‌ಪೋರ್ಟಿನವರಿಗೆ ಪಿಆರ್ ಕಾರ್ಡ್ ತೋರಿಸಿದರೆ ಟ್ರಾನ್ಸಿಟ್ ವೀಸಾದಿಂದ ವಿನಾಯಿತಿ ಇದೆ. ನಿಮ್ಮ ಕೈಯಲ್ಲಿ ಇಲ್ಲದ್ದು ಅದೇ ಕಾರ್ಡ್. ಒಂದೇ ಟಿಕೆಟ್ಟಿನಲ್ಲಿ ದೋಹಾ, ದುಬೈ, ಅಬುಧಾಬಿ ಮೇಲೆ ಬಂದು ಒಳಗೇ ವಿಮಾನ ಬದಲಿಸಿದರೆ ಈ ರಗಳೆ ಇಲ್ಲ.

ದಿನಗಳ ಲೆಕ್ಕ

ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿರಬೇಕು. ಹೋದ ದಿನ, ಬಂದ ದಿನ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ.

ಕೈಚೀಲದಲ್ಲಿ

ಪಾಸ್‌ಪೋರ್ಟ್, ಸಿಒಪಿಆರ್ ಮೂಲ ಮತ್ತು ಎರಡು ಪ್ರತಿ, ಬಾಡಿಗೆ ಕರಾರು, ಒಬ್ಬರೇ ಮಕ್ಕಳನ್ನು ಕರೆದೊಯ್ಯುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ. ಇವನ್ನು ಲಗೇಜಿನಲ್ಲಿ ಹಾಕಬೇಡಿ. ಮರಳುವಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ ತಂದರೆ ತಿನಿಸು ಇದೆ ಎಂದು ಕಸ್ಟಮ್ಸ್‌ನಲ್ಲಿ ಬಾಯಿಬಿಟ್ಟು ಹೇಳಿ.