ಇನ್ಸುಲಿನ್ ಎಳೆಯುತ್ತಿದ್ದಾಗ ಬಿದ್ದ ಬೈಗುಳ

ನರ್ಸಿಂಗ್ ಎರಡನೇ ವರ್ಷದ ಪೋಸ್ಟಿಂಗ್. ಬೆಳಗಿನ ಶಿಫ್ಟಿನಲ್ಲಿ ಸಿರಿಂಜಿಗೆ ಇನ್ಸುಲಿನ್ ಎಳೆಯುತ್ತಿದ್ದೆ. ಹಿರಿಯ ಸಿಸ್ಟರ್ ಒಬ್ಬರು ರೋಗಿಗಳ ಎದುರೇ, "ಇಷ್ಟಕ್ಕೆ ಇಷ್ಟು ಹೊತ್ತು ಬೇಕಾ? ಯಾರು ಕಲಿಸಿದ್ದು ನಿಂಗೆ?" ಎಂದು ಕೂಗಿದರು. ಅದರ ಬೆನ್ನಿಗೇ ಫೋನ್ ಎತ್ತಲು ಹೇಳಿದರು, ಆಮೇಲೆ ಇನ್ನೊಂದು ಬೆಡ್ಡಿನ ಡ್ರಿಪ್ ನೋಡಲು ಕಳಿಸಿದರು. ತಿರುಗಿ ಬಂದು ನಡುಗುವ ಕೈಯಲ್ಲೇ ಎಳೆದೆ. 6 ಯೂನಿಟ್ ಬೇಕಿದ್ದಲ್ಲಿ 16 ತುಂಬಿತ್ತು. ಕೊಡುವ ಮೊದಲು ಇನ್ನೊಬ್ಬ ನರ್ಸ್‌ಗೆ ತೋರಿಸಲೇಬೇಕಿತ್ತು, ಅವರು ತಪ್ಪನ್ನು ಹಿಡಿದರು. ಆ ರೋಗಿಯ ಮುಖ ಇವತ್ತಿಗೂ ನೆನಪಿದೆ.

ಫೋನು ಎರಡು ನಿಮಿಷ ಗಮನ ಕಸಿಯುತ್ತದೆ. ಅವಮಾನ ಶಿಫ್ಟ್ ಮುಗಿಯುವವರೆಗೂ ತಲೆಯೊಳಗೆ ಕೊರೆಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆಮೇಲೆ ನಾನು ಡೌಟ್ ಕೇಳುವುದನ್ನೇ ಬಿಟ್ಟೆ.

ಔಷಧ ಕೊಡುವಾಗಿನ ಅಡಚಣೆಯ ಬಗ್ಗೆ ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದೊಂದು ಅಡಚಣೆಯ ಜೊತೆಗೂ ಕ್ಲಿನಿಕಲ್ ತಪ್ಪುಗಳು, ಅಂದರೆ ಔಷಧವೋ ಡೋಸೋ ತಪ್ಪುವಂಥವು, ಶೇ 12.7ರಷ್ಟು ಹೆಚ್ಚಿದ್ದವು. ಓದಿದಾಗ ಅಳು ಬಂತು. ಅಲ್ಲಿಯವರೆಗೆ ತಪ್ಪೆಲ್ಲ ನನ್ನದೇ ಎಂದು ನಂಬಿದ್ದೆ.

ದಾರಿ ಸಿಕ್ಕಿದ್ದು ನರ್ಸಿಂಗ್ ಸಂಶೋಧಕಿ ಮಾರ್ಥಾ ಗ್ರಿಫಿನ್ ಅವರ 2004ರ ಅಧ್ಯಯನದಿಂದ. ಅವರು 26 ಹೊಸ ನರ್ಸ್‌ಗಳಿಗೆ, ಚುಚ್ಚುಮಾತು ಬಂದಾಗ ಏನು ಹೇಳಬೇಕೆಂದು ಕಾರ್ಡಿನಲ್ಲಿ ಬರೆದುಕೊಟ್ಟು ಅಭ್ಯಾಸ ಮಾಡಿಸಿದ್ದರು. ನಾನೂ ಒಂದು ವಾಕ್ಯ ಬರೆದು ಐಡಿ ಕಾರ್ಡಿನ ಹಿಂದೆ ಇಟ್ಟುಕೊಂಡೆ: "ಸಿಸ್ಟರ್, ತಪ್ಪಿದ್ದರೆ ಖಂಡಿತ ತಿದ್ದಿಕೊಳ್ತೀನಿ, ಆದರೆ ರೋಗಿಗಳ ಮುಂದೆ ಬೇಡ." ಗೆಳತಿಯನ್ನು ಎದುರು ಕೂರಿಸಿಕೊಂಡು ಎಷ್ಟೋ ರಾತ್ರಿ ಹೇಳಿ ಹೇಳಿ ರೂಢಿ ಮಾಡಿದೆ. ವಾರ್ಡಿನಲ್ಲಿ ಮೊದಲ ಸಲ ಗಂಟಲೇ ಕಟ್ಟಿತು. ಮೂರನೇ ಸಲ ಪೂರ್ತಿ ಹೇಳಿದೆ. ಆ ಸಿಸ್ಟರ್ ಸುಮ್ಮನೆ ಹೊರಟುಹೋದರು. ನಡೆದದ್ದನ್ನೆಲ್ಲ ದಿನಾಂಕ, ಹೊತ್ತು, ಅಲ್ಲಿದ್ದವರ ಹೆಸರಿನ ಸಮೇತ ಅದೇ ದಿನ ಬರೆದಿಡುತ್ತಿದ್ದೆ. ಟ್ಯೂಟರ್ ಬಳಿ ಹೋದಾಗ ಆ ನೋಟ್‌ಬುಕ್ಕೇ ಕೆಲಸಕ್ಕೆ ಬಂತು. ಬರೀ "ಬೈತಾರೆ" ಎಂದಿದ್ದರೆ ಕೇಳುತ್ತಿರಲಿಲ್ಲ.

ಆದರೆ ಧೈರ್ಯದ ಭಾರವನ್ನೆಲ್ಲ ವಿದ್ಯಾರ್ಥಿಯ ಹೆಗಲಿಗೇ ಹಾಕುವುದು ಅನ್ಯಾಯ. ಈಗ ನಾನೇ ವಾರ್ಡ್ ಇನ್‌ಚಾರ್ಜ್. ಔಷಧದ ಟ್ರಾಲಿ ಮುಂದೆ ನಿಂತವರನ್ನು, ತುರ್ತು ಇಲ್ಲದಿದ್ದರೆ, ಯಾರೂ ಮಾತನಾಡಿಸುವಂತಿಲ್ಲ. ನಡುವೆ ತಡೆದರೆ ಎಳೆದದ್ದನ್ನು ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು. ತಿದ್ದುವ ಮಾತು ಏನಿದ್ದರೂ ಒಳಗಿನ ಕೋಣೆಯಲ್ಲಿ. ಡಾಕ್ಟರ್‌ಗಳ ರೌಂಡ್ಸ್ ಹೊತ್ತಿನಲ್ಲಿ ಮಾತ್ರ ಇದು ಇನ್ನೂ ಸರಿಯಾಗಿ ನಡೆಯುತ್ತಿಲ್ಲ. ಊಟಕ್ಕೆ ಮುಂಚಿನ ಇನ್ಸುಲಿನ್ ಅನ್ನು ಮುಂದೂಡುವಂತಿಲ್ಲವಲ್ಲ, ಹಾಗಾಗಿ ಆ ಅರ್ಧ ಗಂಟೆ ಫೋನ್ ನಾನೇ ಎತ್ತುತ್ತೇನೆ.