ಹೊಸಬರಿಗೆ ಮಾರ್ಗದರ್ಶಿ: ತುಮಕೂರಲ್ಲಿದ್ದೂ ಮಕ್ಕಳಿಗೆ ಕಡಲು ಗೊತ್ತಿರಲಿ

ಕರಾವಳಿಯಿಂದ ತುಮಕೂರಿಗೆ ಬಂದವರೆಲ್ಲ ಮೊದಲು ಕೇಳುವುದು ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ, ಬಂಗುಡೆ ಯಾವ ದಿನ ತಾಜಾ ಬರುತ್ತದೆ ಅಂತ. ಅದನ್ನು ಇಲ್ಲಿರುವ ನಮ್ಮ ಕರಾವಳಿಯವರ ಸಂಘದಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಮಕ್ಕಳ ವಿಷಯ ಮಾತ್ರ ಯಾರೂ ಕೇಳುವುದಿಲ್ಲ. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಸಮುದ್ರ ಅಂದರೆ ರಜೆಯಲ್ಲಿ ಅಜ್ಜಿ ಮನೆ ಹತ್ತಿರ ನೀರಾಡುವ ಜಾಗ, ಅಷ್ಟೇ. ಕಡಲಾಮೆ ದಡಕ್ಕೆ ಯಾವಾಗ ಬರುತ್ತದೆ ಅಂದರೆ ಮುಖ ಮುಖ ನೋಡುತ್ತವೆ. ಮೀನುಗಾರರ ಊರಿನವರು ಅಂತ ಹೇಳಿಕೊಳ್ಳುವ ನಮಗೆ ಇದು ಶೋಭೆಯಲ್ಲ.

ಹತ್ತಿರದಲ್ಲಿ ಶುರು ಮಾಡುವುದಾದರೆ ಮೈಸೂರು. ಕಾರಂಜಿ ಕೆರೆ ದಡದಲ್ಲಿ ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಇದೆ, 1995ರದ್ದು. ಮಕ್ಕಳಿಗೆ ಚಿತ್ರಕಲೆ, ರಸಪ್ರಶ್ನೆ ನಡೆಸುತ್ತಾರೆ. ಮೇ 18 ವಿಶ್ವ ಮ್ಯೂಸಿಯಂ ದಿನ, ಆಗ ಶಾಲೆಗೂ ರಜೆ ಇರುತ್ತದೆ.

ಯಾವ ಮ್ಯೂಸಿಯಂಗೇ ಆಗಲಿ, ಹೊರಡುವ ಮುಂಚೆ ಫೋನ್ ಮಾಡಿ. ಮಕ್ಕಳನ್ನು ಕರೆತರುತ್ತೇವೆ ಅಂತ ಪತ್ರ ಕೊಟ್ಟಿದ್ದೇವಲ್ಲ ಅಂತ ಸುಮ್ನೆ ಕೂರಬೇಡಿ. ಒಂದು ಕಡೆ ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದೇ ಹೋಗಿದ್ದೆವು, ವಿವರಿಸುವವರು ಆ ದಿನ ರಜೆ ಹಾಕಿದ್ದರಂತೆ, ಮಕ್ಕಳು ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ಮಾಸಿದ ಚೀಟಿಗಳನ್ನು ಅಕ್ಷರ ಕೂಡಿಸಿ ಓದಿಕೊಂಡು ಹೊರಗೆ ಬಂದವು. ಯಾರು ತೋರಿಸುತ್ತಾರೆ, ಕನ್ನಡದಲ್ಲಿ ಹೇಳುತ್ತಾರಾ, ವಾರದ ರಜೆ ಯಾವತ್ತು, ಇವನ್ನೆಲ್ಲ ಕೇಳಿ. ಹಿಂದಿನ ದಿನ ಸಂಜೆ ಇನ್ನೊಮ್ಮೆ ಕೇಳಿ.

ಇನ್ನು ಕಾರವಾರ. ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯನ್ನೇ 2006ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಕಡಿದಾದ ಏಣಿ, ತಲೆ ತಾಗುವ ಬಾಗಿಲು, ಒಂದರ ಮೇಲೊಂದು ಮಂಚ. ನೌಕಾಪಡೆಯವರು ಇಷ್ಟು ಜಾಗದಲ್ಲಿ ಹೇಗೆ ಇದ್ದರು ಅಂತ ಮಕ್ಕಳೇ ಕೇಳುತ್ತವೆ. 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು ಇದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋಗಿದ್ದು ಇದೇ ಜಾತಿಯ ಹಳೆಯ ದೋಣಿಗಳು. ಪಕ್ಕದಲ್ಲೇ ನೌಕಾಪಡೆಯ ಟುಪೊಲೆವ್ ವಿಮಾನವಿದೆ, 1988ರಿಂದ 2017ರವರೆಗೆ ಸಮುದ್ರದ ಮೇಲೆ ಕಾವಲು ಹಾರಾಟ ಮಾಡಿದ್ದು. ಫಿರಂಗಿ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯಬೇಡಿ, ಮಾರಾಯ್ರೆ.

ಕಡಲಾಮೆ ನೋಡಬೇಕೆಂದರೆ ಚಳಿಗಾಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಹೊನ್ನಾವರ, ಕಾರವಾರ ಕಡೆ ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ, ಮರಿ ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಮರಿ ಬಿಡುವ ದಿನ ಇಲಾಖೆಯವರನ್ನೇ ಕೇಳಿಕೊಂಡು ಹೋಗಿ. ಮೊಬೈಲ್ ಟಾರ್ಚ್ ಹಾಕಬೇಡಿ, ಮರಿಗಳು ಬೆಳಕಿನ ಕಡೆಗೇ ತಿರುಗುತ್ತವೆ. ಹವಳ, ಕಡಲಕುದುರೆ ಯಾರಾದರೂ ಮಾರಿದರೂ ಮುಟ್ಟಬೇಡಿ, ವನ್ಯಜೀವಿ ಕಾಯ್ದೆಯಡಿ ಅಪರಾಧ.

ಒಯ್ಯಬೇಕಾದ್ದು: ಟೋಪಿ, ನೀರು, ನೋಟ್‌ಬುಕ್, ಪೆನ್ಸಿಲ್, ಬದಲಿ ಬಟ್ಟೆ.

ರೈಲು: ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ತುಮಕೂರು ಊರಿಗೆ ಬರುವುದಿಲ್ಲ, ಕುಣಿಗಲ್ ದಾರಿಯಾಗಿ ಹೋಗುತ್ತದೆ. ಸ್ಟೇಷನ್ನಿಗೆ ಹೋಗಿ ಕಾಯಬೇಡಿ.